ಮೂವತ್ತೊಂದು ಸ್ಕ್ಯಾನ್, ಇಪ್ಪತ್ತೈದು ಬಿಲ್

ಅಮೆರಿಕದ ಕ್ಯಾನ್ಸರ್ ಡಾಕ್ಟರುಗಳ ಚಾರ್ಟ್ ಓದಿ, ಬೆಂಗಳೂರಲ್ಲಿ ಕೂತು ಪ್ರತಿ ಸೇವೆಗೂ ಬಿಲ್ಲಿನ ಕೋಡ್ ಹಾಕುವುದು ನನ್ನ ಕೆಲಸ. ರೇಡಿಯೇಷನ್ ಆಂಕಾಲಜಿ (ಕಿರಣದಿಂದ ಕ್ಯಾನ್ಸರ್ ಚಿಕಿತ್ಸೆ) ಟೀಮಿಗೆ ಬರುವ ಮುಂಚೆ ಎಕ್ಸ್‌ರೇ, ಸ್ಕ್ಯಾನ್ ಚಾರ್ಟ್‌ಗಳನ್ನು ನೋಡುತ್ತಿದ್ದೆ. ಸ್ಕ್ಯಾನ್ ಆಗಿದೆ, ರಿಪೋರ್ಟ್ ಇದೆ, ಕೋಡ್ ಹಾಕು. ಆ ಅಭ್ಯಾಸವೇ ಇಲ್ಲಿ ಮುಳುವಾಯಿತು.

2023ರಲ್ಲಿ ಒಂದು ಪ್ರಾಸ್ಟೇಟ್ ಚಾರ್ಟ್ ಬಂತು. 28 ಫ್ರಾಕ್ಷನ್, ಅಂದರೆ 28 ಕಂತುಗಳ ಐಎಂಆರ್‌ಟಿ, ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣ ಬಿಡುವ ಚಿಕಿತ್ಸೆ. ದಿನಾ ಕಿರಣ ಬಿಡುವ ಮುಂಚೆ ಆ ಯಂತ್ರದಲ್ಲೇ ಕೋನ್ ಬೀಮ್ ಸಿಟಿ ಸ್ಕ್ಯಾನ್ ತೆಗೆದು, ಚಿಕಿತ್ಸೆ ಯೋಜಿಸಲು ಮೊದಲೇ ತೆಗೆದ ಪ್ಲಾನಿಂಗ್ ಸಿಟಿ ಜೊತೆ ಹೊಂದಿಸಿ, ರೋಗಿ ಮಲಗಿದ ಮಂಚವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸುತ್ತಾರೆ. ಆಗ ಇದಕ್ಕೆ ಕೋಡ್ 77014. ಚಿಕಿತ್ಸೆ ಆಸ್ಪತ್ರೆಯಲ್ಲಿ, ನಮ್ಮದು ಡಾಕ್ಟರ ಬಿಲ್ ಮಾತ್ರ. ಹಾಗಾಗಿ ಕೋಡಿನ ಜೊತೆ 26 ಮಾಡಿಫೈಯರ್, ಅಂದರೆ ಡಾಕ್ಟರ ಪಾಲು ಮಾತ್ರ ಅನ್ನುವ ಗುರುತು. ಇಮೇಜ್ ಪಟ್ಟಿ ತೆಗೆದು ಎಣಿಸಿದೆ: 31. ಸುಮ್ನೆ ಹಾಕಿಬಿಟ್ಟೆ.

ಇಂಟರ್ನಲ್ ಆಡಿಟ್‌ನಲ್ಲಿ ವಾಪಸ್ ಬಂತು. ಟೀಮ್ ಲೀಡ್ ಮೇಡಂ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತರು. ಮೂರು ದಿನ ಎರಡೆರಡು ಸ್ಕ್ಯಾನ್ ಇದ್ದವು. ಥೆರಪಿಸ್ಟ್ ನೋಟ್ ಓದಿಸಿದರು: ಮೂತ್ರಕೋಶ ತುಂಬಿಲ್ಲ, ರೋಗಿಯನ್ನು ಇಳಿಸಿ ನೀರು ಕುಡಿಸಿ, ಕಾದು ಮತ್ತೆ ಸ್ಕ್ಯಾನ್.

“ಆವತ್ತು ಚಿಕಿತ್ಸೆ ಎಷ್ಟು ಸಲ ಆಯ್ತು?”

“ಒಂದೇ ಸಲ, ಮೇಡಂ.”

“ಹಾಗಾದ್ರೆ ಕೋಡೂ ಒಂದೇ.”

28ಕ್ಕೆ ಇಳಿಯಿತು. ಮುಗೀತು ಅಂದುಕೊಂಡೆ. “ಡಾಕ್ಟರು ಇಮೇಜ್ ಯಾವಾಗ ನೋಡಿದ್ದಾರೆ?” ಅಂದರು ಮೇಡಂ. ಸಹಿ ಇದೆಯಾ ಅಂತ ನೋಡಿದ್ದೆನೇ ಹೊರತು ಅದರ ಟೈಮ್ ನೋಡಿರಲಿಲ್ಲ. ಶುಕ್ರವಾರದ ಇಮೇಜಿಗೆ ಸೋಮವಾರ ಮಧ್ಯಾಹ್ನ 2:10ಕ್ಕೆ ಸಹಿ. ಸೋಮವಾರದ ಚಿಕಿತ್ಸೆ ಬೆಳಗ್ಗೆ 9:40ಕ್ಕೇ ಮುಗಿದಿತ್ತು. ಮುಂದಿನ ಫ್ರಾಕ್ಷನ್‌ಗಿಂತ ಮೊದಲು ಡಾಕ್ಟರು ಇಮೇಜ್ ನೋಡಿರಬೇಕು. ಮಂಚ ತಪ್ಪು ಸರಿದಿದ್ದರೆ ಮರುದಿನಕ್ಕಾದರೂ ಸರಿಹೋಗಲಿ ಅಂತಲೇ ಅಲ್ವಾ ನೋಡುವುದು? ಇಂಥವು ಮೂರು ಸಿಕ್ಕವು. ಉಳಿದದ್ದು 25.

“ಡಾಕ್ಟರಿಗೆ ಕ್ವೆರಿ ಹಾಕಿ, ಬರೆದು ಕೇಳಿ ಸರಿ ಮಾಡಿಸೋಣ್ವಾ?” ಅಂದೆ. “ಸೋಮವಾರದ ಸಹಿಯನ್ನ ಶುಕ್ರವಾರಕ್ಕೆ ಹೇಗಮ್ಮ ತರ್ತಾರೆ?” ಅಂದರು ಮೇಡಂ.

ಅವತ್ತಿಂದ ಎಕ್ಸೆಲ್‌ನಲ್ಲಿ ಮೂರು ಕಾಲಂ ಇಟ್ಟುಕೊಂಡಿದ್ದೇನೆ: ಇಮೇಜ್ ಟೈಮ್, ಸಹಿ ಟೈಮ್, ಮುಂದಿನ ಚಿಕಿತ್ಸೆಯ ಟೈಮ್. ಚಾರ್ಟಿಗೆ ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದೆ. ಟಾರ್ಗೆಟ್ ಲೆಕ್ಕ ಹಾಕುವವರಿಗೆ ಇಷ್ಟವಾಗುವುದಿಲ್ಲ, ಬಿಡಿ.

ಅದೇ ಚಾರ್ಟಿನ 77427 ಮಾತ್ರ ಸರಿಯಾಗಿ ಹಾಕಿದ್ದೆ. ಅದು ಡಾಕ್ಟರ ವಾರದ ನಿಗಾ, ಐದು ಫ್ರಾಕ್ಷನ್‌ಗೆ ಒಂದು. 28ರಲ್ಲಿ ಐದು ಐದು ಕಳೆದು ಕೊನೆಗೆ ಮೂರು ಉಳಿಯಿತು. ಮೂರು ಉಳಿದರೆ ಅದನ್ನೂ ಒಂದು ಅಂತ ಹಿಡಿಯಬಹುದು. ಹಾಗಾಗಿ ಆರು. ಎರಡೇ ಉಳಿದಿದ್ದರೆ ಐದಕ್ಕೇ ನಿಲ್ಲಿಸಬೇಕಿತ್ತು.

2026ರ ಜನವರಿಯಿಂದ 77014 ಇಲ್ಲ. ಹೀಗೆ ಸ್ಕ್ಯಾನ್ ನೋಡಿ ಗುರಿ ಹೊಂದಿಸುವುದರ (ಗೈಡೆನ್ಸ್) ಯಂತ್ರದ ಕಡೆಯ ಖರ್ಚು ಚಿಕಿತ್ಸೆಯ ಕೋಡಿನೊಳಗೇ ಸೇರಿಹೋಯಿತು. ಡಾಕ್ಟರ ಪಾಲಿಗೆ 77387, ಅದಕ್ಕೂ 26 ಹಚ್ಚಬೇಕು. ಶೀಟಿನಲ್ಲಿ ಕೋಡ್ ನಂಬರ್ ಬದಲಾಯಿಸಿದೆ. ಮೂರು ಕಾಲಂ ಮುಟ್ಟಲಿಲ್ಲ.