ಹಳೇ ಡೀಸೆಲ್ ವ್ಯಾನ್ ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೊದಲು ಹೊಗೆ ನೋಡಿ

ಆನೆಗೊಂದಿ, ಸಾಣಾಪುರ ಕೆರೆ ಕಡೆ ವ್ಯಾನಲ್ಲೇ ರಾತ್ರಿ ಉಳಿಯುವವರಿಗೆ ಇದು. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿದ್ದರೆ ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಡೀಸೆಲ್ ವಾಸನೆಯ ಬಿಳಿ ಹೊಗೆ ಬಂತು ಅಂದ್ರೆ ಡೀಸೆಲ್ ಸಿಲಿಂಡರ್‌ಗೆ ಹೋಗ್ತಿದೆ, ಉರಿಯುತ್ತಿಲ್ಲ. ಆಗ ಸ್ಟಾರ್ಟ್ ಮಾಡುವ ಮುಂಚೆ ಇಂಜಿನ್ ಒಳಗೆ ಬಿಸಿ ಮಾಡುವ ಹೀಟರ್ ಪ್ಲಗ್, ಅದಕ್ಕೆ ಕರೆಂಟ್ ಕೊಡುವ ರಿಲೇ ಚೆಕ್ ಮಾಡಿಸಿ. ಅವು ಸರಿ ಇದ್ದರೆ ಕಂಪ್ರೆಷನ್, ಅಂದ್ರೆ ಸಿಲಿಂಡರ್‌ನಲ್ಲಿ ಗಾಳಿ ಸರಿಯಾಗಿ ಒತ್ತುತ್ತಿದೆಯಾ ಅಂತ ನೋಡಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಲೇ ಇಲ್ಲ, ಸುಮ್ನೆ ಹೀಟರ್ ಪ್ಲಗ್‌ಗೆ ದುಡ್ಡು ಹಾಕಬೇಡಿ. ಫಿಲ್ಟರ್ ಹತ್ತಿರದ ಹ್ಯಾಂಡ್ ಪಂಪ್ ಒತ್ತುತ್ತಾ ಹೋಗಿ. ಮೊದಲು ಮೆತ್ತಗಿದ್ದು, ಆಮೇಲೆ ಗಟ್ಟಿಯಾಗಿ, ತಕ್ಷಣ ಸ್ಟಾರ್ಟ್ ಆದರೆ ರಾತ್ರಿ ಲೈನಿನಲ್ಲಿ ಏರ್ ಹಿಡಿದು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿದೆ. ರಬ್ಬರ್ ಪೈಪಿನ ಕ್ಲಿಪ್ ಇರುವ ಜಾಗವನ್ನು ಬಗ್ಗಿಸಿ ನೋಡಿ, ಕೂದಲೆಳೆಯಷ್ಟು ಬಿರುಕು ಸಾಕು. ಕೊಪ್ಪಳ, ರಾಯಚೂರಿನ ಬಿಸಿಲಿಗೆ ರಬ್ಬರ್ ಬೇಗ ಒಣಗುತ್ತೆ, ಚಳಿಯೋ ಅಷ್ಟೇನಿಲ್ಲ ಅಲ್ವಾ? ಹಾಗಾಗಿ ಹೊಗೆ ಬರದ ಗಾಡಿಯಲ್ಲಿ ನನ್ನ ಅನುಮಾನ ಮೊದಲು ಪೈಪಿನ ಮೇಲೆಯೇ. ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಮಾತ್ರ ಹೊಗೆ ನಂಬಬೇಡಿ, ಮೊದಲು ಬ್ಯಾಟರಿ, ಅರ್ಥ್ ವೈರ್ ಸರಿಮಾಡಿ. ಕಾಮನ್ ರೈಲ್ ಗಾಡಿಗಳಿಗೂ, ಅಂದ್ರೆ ಎಲ್ಲ ಸಿಲಿಂಡರ್‌ಗೂ ಒಂದೇ ಹೈ ಪ್ರೆಷರ್ ಪೈಪಿನಿಂದ (ರೈಲ್) ಡೀಸೆಲ್ ಹೋಗುವ, ಕಂಪ್ಯೂಟರ್ ಇರುವ ಗಾಡಿಗಳಿಗೂ, ಇದು ಸಾಲದು. ಅಲ್ಲಿ ರೈಲ್ ಪ್ರೆಷರ್ ಏರದಿದ್ದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುವುದೇ ಇಲ್ಲ, ಪ್ರೆಷರ್ ಎಷ್ಟಿದೆ ಅಂತ ನೋಡಲು ಸ್ಕ್ಯಾನರ್ ಹಾಕಿಸಬೇಕು.