ಹೊಸ ಆಯಿಲ್ ಸೀಲ್ ಸೋರುತ್ತಿದೆಯೇ? ಹೌಸಿಂಗ್ ಒಳಗೆ ಬೆರಳಾಡಿಸಿ ನೋಡಿ

ಹರಿಹರ ಕಡೆ ಗದ್ದೆಯಿಂದ ಪವರ್ ಟಿಲ್ಲರ್, ಜಗಳೂರು ಕಡೆಯಿಂದ ರೋಟವೇಟರ್. ದಾವಣಗೆರೆಯ ವರ್ಕ್‌ಶಾಪ್‌ಗಳಲ್ಲಿ ಕೇಳುವ ದೂರು ಒಂದೇ: "ಹೋದ ತಿಂಗಳು ತಾನೇ ಸೀಲ್ ಹಾಕಿಸಿದ್ದೆ, ಮತ್ತೆ ಸೋರ್ತಿದೆ." ತಿರುಗುವ ಶಾಫ್ಟ್ ಸುತ್ತ ಎಣ್ಣೆ ಹೊರಬಾರದಂತೆ ತಡೆಯುವ ಈ ಸೀಲನ್ನು ಬೈದು ಇನ್ನೊಂದು ತರುತ್ತಾರೆ. ಅದು ಕೂರುವ ಜಾಗವನ್ನು, ಅಂದರೆ ಹೌಸಿಂಗನ್ನು, ಯಾರೂ ನೋಡುವುದಿಲ್ಲ.

ಮೊದಲು ಎಣ್ಣೆ ಒರೆಸಿ, ಟಾಲ್ಕಂ ಪೌಡರ್ ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ. ಶಾಫ್ಟ್ ಸುತ್ತ ಒದ್ದೆಯಾದರೆ ಲಿಪ್ (ಶಾಫ್ಟನ್ನು ತಬ್ಬುವ ಸೀಲಿನ ಒಳ ಅಂಚು) ಅಥವಾ ಶಾಫ್ಟ್ ಸವೆದಿರಬಹುದು. ಸೀಲಿನ ಹೊರ ಅಂಚು ಒದ್ದೆಯಾದರೆ ತೊಂದರೆ ಹೌಸಿಂಗಿನಲ್ಲೇ ಇದೆ.

ಹಳೆ ಸೀಲನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹೌಸಿಂಗಿಗೆ ಗೀರು ಬೀಳುವುದೇ ಆಗ. ಸೀಲಿನ ತಗಡಿಗೆ ಸಣ್ಣ ತೂತು ಹಾಕಿ, ಸ್ಕ್ರೂ ಕೂರಿಸಿ, ಪ್ಲೈಯರ್‌ನಲ್ಲಿ ಎಳೆಯಿರಿ. ಡ್ರಿಲ್ ಬಿಟ್‌ಗೆ ಗ್ರೀಸ್ ಹಚ್ಚಿದರೆ ಹೆಚ್ಚಿನ ಚೂರುಗಳು ಅದಕ್ಕೇ ಅಂಟಿಕೊಳ್ಳುತ್ತವೆ.

ಇನ್ನು ಮುಖ್ಯ ಕೆಲಸ. ಹೌಸಿಂಗ್ ಒರೆಸಿ, ಉಗುರಾಡಿಸಿ. ಸುತ್ತಲೂ ಓಡುವ ಲೇತ್ ಗೆರೆಗಳಿಂದ ಅಷ್ಟು ತೊಂದರೆಯಿಲ್ಲ. ಒಳಗಿನಿಂದ ಹೊರಗೆ ನೇರ ಬಂದ ಗೀರು ಮಾತ್ರ ಎಣ್ಣೆಗೆ ಕಾಲುವೆ ತೋಡಿಕೊಟ್ಟ ಹಾಗೆ. ಸಣ್ಣದಾದರೆ ನುಣುಪು ಎಮರಿ ಪೇಪರ್‌ನಿಂದ ಸುತ್ತಲೂ ಉಜ್ಜಿ. ಹಿಂದೆ ಮುಂದೆ ಉಜ್ಜಿದರೆ ಹೊಸ ಗೀರು ನೀವೇ ಮಾಡಿದಂತೆ. ಉಗುರು ಸಿಕ್ಕಿಬೀಳುವಷ್ಟು ಆಳವಿದ್ದರೆ ಲೇತ್‌ಗೆ ಕೊಟ್ಟು ಬುಷ್ (ಒಳಗೆ ಕೂರುವ ಲೋಹದ ಬಳೆ) ಹಾಕಿಸಿ. ಅಳತೆ ಎಚ್8 (ತೂತಿನ ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸದ ದರ್ಜೆ), ನುಣುಪು, ಅಂದರೆ ಮೈಯ ಸರಾಸರಿ ಒರಟು, ಆರ್‌ಎ 1.6ರಿಂದ 6.3 ಮೈಕ್ರಾನ್ ಎಂದು ಹೇಳಿ. ಹೊರಮೈ ಬರೀ ಲೋಹದ ಸೀಲಾದರೆ 1.6ರ ಹತ್ತಿರವೇ ಇರಲಿ. ರಬ್ಬರ್ ಮೈಯದು ಸ್ವಲ್ಪ ಒರಟನ್ನು ತಾಳಿಕೊಳ್ಳುತ್ತದೆ. ಹಾಗಂತ ಕನ್ನಡಿಯಂತೆ ಪಾಲಿಶ್ ಮಾಡಿಸಬೇಡಿ, ರಬ್ಬರ್ ಸೀಲ್ ಹಿಡಿತ ಸಿಗದೆ ಜಾರಿ ಹೊರಬರುತ್ತದೆ. ಹೌಸಿಂಗ್ ಬಾಯಿಯ ಅಂಚಿಗೆ 15ರಿಂದ 30 ಡಿಗ್ರಿ ಇಳಿಜಾರು ಬೇಕೇ ಬೇಕು. ಚೂಪು ಅಂಚು ರಬ್ಬರನ್ನು ಹೆರೆದುಬಿಡುತ್ತದೆ. ಸೀಲ್ ಓರೆಯಾಗಿ ಕೂತರಂತೂ ಲಿಪ್ ಒಂದೇ ಕಡೆ ಒತ್ತಿ ಬೇಗ ಸವೆಯುತ್ತದೆ.

ಸೀಲ್ ಸಡಿಲವೆಂದು ಕೆಲವರು ಹೌಸಿಂಗಿಗೆ ಸೆಂಟರ್ ಪಂಚ್‌ನಿಂದ ಚುಕ್ಕೆ ಹೊಡೆಯುತ್ತಾರೆ. ಖಂಡಿತ ಬೇಡ. ಉಬ್ಬಿದ ಚುಕ್ಕೆಗಳು ಸೀಲನ್ನು ಗೀರುತ್ತವೆ. ಗ್ಯಾಸ್ಕೆಟ್ ಪೇಸ್ಟ್ ಜಾಸ್ತಿ ಬಳಿದರೆ ಅದು ಲಿಪ್‌ಗೆ ಅಂಟುತ್ತದೆ. ಲಿಪ್ ಅನ್ನು ಬಿಗಿ ಹಿಡಿಯುವ ಸ್ಪ್ರಿಂಗ್ ಸಡಿಲವಿರುವ ಅಗ್ಗದ ಸೀಲನ್ನು ಅಂಗಡಿಯಲ್ಲೇ ವಾಪಸ್ ಕೊಡಿ.

ಕೂರಿಸುವುದು ಸುಲಭ: ಲಿಪ್‌ಗೆ ಎಣ್ಣೆ ಹಚ್ಚಿ, ಸ್ಪ್ರಿಂಗ್ ಇರುವ ಬದಿ ಎಣ್ಣೆ ಕಡೆಗಿರಲಿ. ಸೀಲಿನಗಲದ ಹಳೆ ಬೇರಿಂಗ್ ರಿಂಗ್ ಇಟ್ಟು ನೇರ ಒತ್ತಿ.

ಕೊನೆಗೆ ಗೇರ್‌ಬಾಕ್ಸ್‌ನ ಬ್ರೀದರ್ ತೂತು (ಒಳಗಿನ ಗಾಳಿ ಹೊರಹೋಗುವ ದಾರಿ) ನೋಡಿ. ಅಲ್ಲಿ ಗದ್ದೆ ಕೆಸರು ಕಟ್ಟಿದ್ದರೆ ಒಳಗೆ ಒತ್ತಡ ಏರಿ ಒಳ್ಳೆಯ ಸೀಲೂ ಸೋರುತ್ತದೆ.