ಎಣ್ಣೆ ಬಿಟ್ಟು ಮೇಣಕ್ಕೆ ಬಂದ ನನ್ನ ಸೈಕಲ್ ಚೈನು

ಮೂರು ವರ್ಷದ ಹಿಂದೆ, ಮಾಗಿ ಚಳಿಯಲ್ಲಿ, ಸೈಕಲ್ ಮೇಲೆ ಮೇಲುಕೋಟೆಗೆ ಹೋಗಿದ್ದೆ. ಪಾಂಡವಪುರ ದಾಟಿದ ಮೇಲೆ ಜಕ್ಕನಹಳ್ಳಿವರೆಗೂ ರೋಡಿನ ಮೇಲೆ ಅಲ್ಲಲ್ಲಿ ರಾಗಿ, ಹುರುಳಿ ಹರಡಿದ್ದರು. ಒಕ್ಕಣೆ ಕಾಲ ಅಲ್ವಾ, ಬಸ್ಸು ಲಾರಿ ಓಡಾಡಿದರೆ ಅದೇ ಕಣ. ಪಕ್ಕಕ್ಕೆ ಇಳಿಯಲು ಜಾಗ ಇರಲಿಲ್ಲ, ಅದರ ಮೇಲೇ ತುಳಿದುಕೊಂಡು ಹೋದೆ. ಸಂಜೆ ಮನೆಗೆ ಬಂದು ನೋಡಿದರೆ ಹೊಟ್ಟು, ದೂಳು, ಸಣ್ಣ ಮರಳು ಎಲ್ಲ ಎಣ್ಣೆಗೆ ಅಂಟಿಕೊಂಡು ಚೈನು ಒಂದು ಕಪ್ಪು ಹಗ್ಗದ ಹಾಗೆ ಆಗಿತ್ತು. ಆ ಹಿಂದಿನ ದಿನವಷ್ಟೇ ತೊಳೆದು ಎಣ್ಣೆ ಬಿಟ್ಟಿದ್ದೆ. ಅವತ್ತು ನಿಜವಾಗಲೂ ಬೇಜಾರಾಯಿತು.

ನಾನು ಇರುವುದು ಶ್ರೀರಂಗಪಟ್ಟಣದ ಗಂಜಾಂನಲ್ಲಿ. ಕೆಲಸ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ. ಹೋಗಿ ಬರಲು ದಿನಕ್ಕೆ ಸುಮಾರು 34 ಕಿಲೋಮೀಟರು, ಒಂದೊಂದು ದಿನ ತಪ್ಪುವುದೂ ಉಂಟು, ಹಾಗಾಗಿ ವಾರಕ್ಕೆ ಹತ್ತಿರ ಹತ್ತಿರ 150. ಗದ್ದೆಯಿಂದ ಮೇಲೆ ಬರುವ ಟ್ರಾಕ್ಟರುಗಳು ಕೆಸರು ಉದುರಿಸುತ್ತವೆ, ಅದು ಒಣಗಿ ದೂಳಾಗುತ್ತದೆ. ಕಬ್ಬಿನ ಸೀಸನ್ನಿನಲ್ಲಿ ಅದಕ್ಕೆ ಕಬ್ಬಿನ ತರಗೂ ಸೇರುತ್ತದೆ. ಇಂಥ ದಾರಿಯಲ್ಲಿ ಓಡುವ ಚೈನಿನ ಕಥೆ ಇದು. ನಿಮ್ಮ ದಾರಿ ಬೇರೆ ಇದ್ದರೆ ನಿಮ್ಮ ಲೆಕ್ಕವೂ ಒಸಿ ಬೇರೆಯಾದೀತು.

ಎಣ್ಣೆಯನ್ನು ನಾನು ತಪ್ಪಾಗಿ ಹಾಕುತ್ತಿರಲಿಲ್ಲ. ಒಂದೊಂದು ರೋಲರಿಗೆ (ಕೊಂಡಿಯ ನಡುವೆ ತಿರುಗುವ ಸಣ್ಣ ಉರುಳೆ) ಒಂದೊಂದು ತೊಟ್ಟು, ಪೆಡಲ್ ಹಿಂದಕ್ಕೆ ತಿರುಗಿಸಿ ಎಣ್ಣೆ ಒಳಗೆ ಇಳಿಯಲು ಬಿಟ್ಟು, ಆಮೇಲೆ ಹೊರಗಿನದ್ದನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸುತ್ತಿದ್ದೆ. ಎಣ್ಣೆ ಬೇಕಾಗಿರುವುದು ಒಳಗಿನ ಪಿನ್ನಿಗೆ, ಹೊರಗಿನ ಪ್ಲೇಟಿಗಲ್ಲ. ಇಷ್ಟು ಮಾಡಿದರೂ ಎಣ್ಣೆ ಒದ್ದೆ ಪದಾರ್ಥ, ದೂಳು ಕೂತೇ ಕೂರುತ್ತದೆ. ಕೂತ ದೂಳನ್ನು ಎಣ್ಣೆಯೇ ಸಂದಿಗೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಮರಳು, ಸವೆದ ಕಬ್ಬಿಣದ ಪುಡಿ, ಎಣ್ಣೆ ಮೂರೂ ಸೇರಿ ಉಜ್ಜುವ ಪೇಸ್ಟ್ ಆಗುತ್ತದೆ. ಚೈನಿನಿಂದ ಕೈಗೆ ಹತ್ತುವ ಕಪ್ಪು ಮಸಿ ಇದೆಯಲ್ಲ, ಅದರಲ್ಲಿ ಸ್ವಲ್ಪ ಭಾಗ ನಿಮ್ಮ ಚೈನೇ.

ಚೈನು ಉದ್ದವಾಯಿತು ಎನ್ನುತ್ತಾರೆ. ಕಬ್ಬಿಣ ಹಿಗ್ಗಿರುವುದಿಲ್ಲ, ಒಂದೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆದಿರುತ್ತದೆ, ನೂರಕ್ಕಿಂತ ಜಾಸ್ತಿ ಕೊಂಡಿ ಸೇರಿದಾಗ ಅದು ಉದ್ದವಾಗಿ ಕಾಣುತ್ತದೆ. ನೋಡಲು ಒಂದು ಸ್ಟೀಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, 24 ಕೊಂಡಿಗೆ 12 ಇಂಚು. ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಇಟ್ಟು, 12 ಇಂಚಿನ ಗೆರೆಯ ಹತ್ತಿರದ ಪಿನ್ನು ಎಲ್ಲಿದೆ ನೋಡಿ. 1/16 ಇಂಚು ಮುಂದೆ ಹೋಗಿದ್ದರೆ ಚೈನು ಬದಲಿಸುವ ಹೊತ್ತು. 1/8 ಇಂಚು ಹೋಗಿದ್ದರೆ ಹಿಂದಿನ ಗಾಲಿಯ ಹಲ್ಲುಗಳೂ ಹೋಗಿರುತ್ತವೆ. ನನ್ನದು ಮೇಲುಕೋಟೆಗೆ ಹೋಗಿಬಂದ ವಾರ ಅಳೆದಾಗ 1/16 ದಾಟಿತ್ತು. ಆ ಚೈನು ಓಡಿದ್ದು ಬರೀ 3,000 ಕಿಲೋಮೀಟರು. ಹೊಸ ಚೈನು ಹಾಕಿದರೆ ಹಳೆ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಂಪು) ಮೇಲೆ, ಅದರಲ್ಲೂ ನಾನು ಜಾಸ್ತಿ ಬಳಸುವ ಎರಡು ಗೇರಿನಲ್ಲಿ, ಏರು ತುಳಿಯುವಾಗ ಜಾರುತ್ತಿತ್ತು. ಕ್ಯಾಸೆಟ್ಟೂ ಬದಲಿಸಬೇಕಾಯಿತು. ದುಡ್ಡಿಗಿಂತ ನನಗೆ ನೋವಾಗಿದ್ದು, ಪ್ರತಿ ಭಾನುವಾರ ಒಂದು ಗಂಟೆ ಸೀಮೆಎಣ್ಣೆಯಲ್ಲಿ ಹಳೆ ಟೂತ್‌ಬ್ರಷ್ ಹಿಡಿದು ಕೂತಿದ್ದೆಲ್ಲ ನೀರಿನಲ್ಲಿ ಹೋಯಿತಲ್ಲ ಅನ್ನುವುದು.

ಎಣ್ಣೆಯ ಬದಲು ಕರಗಿಸಿದ ಪ್ಯಾರಫಿನ್ ಮೇಣದಲ್ಲಿ ಚೈನನ್ನೇ ಮುಳುಗಿಸುವ ಪದ್ಧತಿ ಬಗ್ಗೆ ಕೇಳಿದ್ದೆ, ಮೇಣ ಆರಿದರೆ ಒಣಗಟ್ಟಿ, ಎಣ್ಣೆಯ ಹಾಗೆ ದೂಳು ಹಿಡಿಯುವುದಿಲ್ಲ. ಮಾಡಿರಲಿಲ್ಲ. ಮೊದಲ ಸಲ ಮಾಡಿದ್ದು ಪೂರ್ತಿ ಕೆಟ್ಟಿತು. ಹೊಸ ಚೈನು ತಂದು, ಕವರ್ ಬಿಚ್ಚಿ, ನೇರವಾಗಿ ಮೇಣಕ್ಕೆ ಬಿಟ್ಟೆ. ಹೊಸದಲ್ವಾ, ತೊಳೆಯುವುದೇನಿದೆ ಅಂದುಕೊಂಡೆ. ಫ್ಯಾಕ್ಟರಿಯಿಂದ ಬರುವ ಚೈನಿನ ಒಳಗೆಲ್ಲ ಗ್ರೀಸ್ ತುಂಬಿರುತ್ತದೆ. ಗ್ರೀಸ್ ಇರುವ ಕಡೆ ಮೇಣ ಹಿಡಿಯುವುದಿಲ್ಲ. 60 ಕಿಲೋಮೀಟರಿಗೇ ಹಕ್ಕಿ ಮರಿ ಕೂಗಿದ ಹಾಗೆ ಚಿಂವ್ ಚಿಂವ್ ಶುರುವಾಯಿತು, ಜೊತೆಗೆ ಪಾತ್ರೆಯಲ್ಲಿದ್ದ ಅರ್ಧ ಕೆಜಿ ಮೇಣವೂ ಜಿಡ್ಡಾಗಿ ಹಾಳಾಯಿತು.

ಆಗ ನನಗೆ ಗೊತ್ತಾಗಿದ್ದು, ಇದರಲ್ಲಿ ಮೇಣ ಕಾಯಿಸುವುದು ಸಣ್ಣ ಕೆಲಸ, ಚೈನನ್ನು ಮೊದಲ ಸಲ ಪೂರ್ತಿ ಜಿಡ್ಡು ಬಿಡಿಸುವುದೇ ದೊಡ್ಡ ಕೆಲಸ. ಅದನ್ನು ವಿವರವಾಗಿಯೇ ಹೇಳುತ್ತೇನೆ. ಚೈನನ್ನು ಬಾಯಿ ಅಗಲದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಳುಗುವಷ್ಟು ಟರ್ಪೆಂಟೈನ್ ಹಾಕಿ (ಪೇಂಟ್ ಅಂಗಡಿಯಲ್ಲಿ ಸಿಗುತ್ತದೆ), ಮುಚ್ಚಳ ಬಿಗಿ ಮಾಡಿ ಐದು ನಿಮಿಷ ಅಲುಗಾಡಿಸಿ ಒಂದು ಗಂಟೆ ಬಿಡಿ. ಕಪ್ಪಗೆ ಬರುತ್ತದೆ. ಬಸಿದು ಹೊಸದು ಹಾಕಿ. ಹೊಸ ಚೈನಿಗೆ ಮೂರು ಸಲ ಸಾಕು, ಎಣ್ಣೆಯಲ್ಲಿ ಓಡಿದ ಹಳೆ ಚೈನಿಗೆ ಐದಾರು ಸಲವೂ ಬೇಕಾಗಬಹುದು, ಅಲುಗಾಡಿಸಿದ ಮೇಲೂ ತಿಳಿಯಾಗಿಯೇ ಉಳಿಯುವವರೆಗೆ ಬಿಡಬೇಡಿ. ಸೀಮೆಎಣ್ಣೆ ಬೇಡ, ಅದು ತಾನೇ ಒಂದು ಜಿಡ್ಡಿನ ಪದರ ಬಿಟ್ಟು ಹೋಗುತ್ತದೆ. ಟರ್ಪೆಂಟೈನ್ ಕೂಡ ಒಸಿ ಬಿಡುತ್ತದೆ, ಅದಕ್ಕೇ ಕೊನೆಗೆ ಒಂದು ಸಲ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಜಾಲಾಡಿಸಬೇಕು. ಮೊಬೈಲ್ ರಿಪೇರಿಯವರು ಬೋರ್ಡು ಒರೆಸಲು ಬಳಸುತ್ತಾರಲ್ಲ, ಅದೇ. ಆಮೇಲೆ ಗಾಳಿಗೆ ಪೂರ್ತಿ ಒಣಗಿಸಿ. ಒಣಗಿದ ಚೈನು ಕೈಯಲ್ಲಿ ಹಿಡಿದರೆ ಗರಗರ ಅನ್ನಬೇಕು, ಬೆರಳಿಗೆ ಏನೂ ಹತ್ತಬಾರದು. ಈ ಕೆಲಸವೆಲ್ಲ ಹೊರಗೆ ಜಗಲಿಯಲ್ಲಿ ಮಾಡಿ, ಒಲೆಯ ಹತ್ತಿರ ಬೇಡವೇ ಬೇಡ. ಬಸಿದ ಟರ್ಪೆಂಟೈನನ್ನು ನಾಲೆಗೋ ಮಣ್ಣಿಗೋ ಚೆಲ್ಲಬೇಡಿ. ಒಂದು ವಾರ ಬಾಟಲಿಯಲ್ಲಿ ಇಟ್ಟರೆ ಮಸಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಮುಂದಿನ ಚೈನಿನ ಮೊದಲ ಸುತ್ತಿಗೆ ಬಳಸಬಹುದು.

ಚೈನಿನ ಜೊತೆ ಪೆಡಲಿನ ಹಲ್ಲುಚಕ್ರ, ಕ್ಯಾಸೆಟ್, ಡಿರೇಲರಿನ (ಗೇರ್ ಬದಲಿಸುವ ಭಾಗ) ಎರಡು ಸಣ್ಣ ಗಾಲಿ ಇವನ್ನೂ ಅಷ್ಟೇ ಚೊಕ್ಕ ಮಾಡಿ. ಇಲ್ಲದಿದ್ದರೆ ಅಲ್ಲಿಯ ಜಿಡ್ಡು ವಾಪಸ್ ಚೈನಿಗೆ ಬರುತ್ತದೆ.

ಮೇಣ ಬರೀ ಬಿಳಿ ಪ್ಯಾರಫಿನ್ ಗಟ್ಟಿ. ಮೇಣದಬತ್ತಿ ಮಾಡುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಒಂದು ಕೆಜಿಗೆ ಸುಮಾರು 200 ರೂಪಾಯಿ ಕೊಟ್ಟೆ. ಬಣ್ಣ, ವಾಸನೆ ಹಾಕಿದ್ದು ಬೇಡ. ಅಮ್ಮ ಒಂದು ಹಳೆ ಸ್ಟೀಲ್ ಡಬ್ಬಿ ಕೊಟ್ಟು, "ಇನ್ನು ಇದು ಅಡುಗೆಮನೆಗೆ ಬರಂಗಿಲ್ಲ ಕಣಪ್ಪ" ಅಂದರು, ಸರಿಯಾದ ಮಾತು. ಡಬ್ಬಿಯನ್ನು ನೇರ ಉರಿಯ ಮೇಲೆ ಇಡಬೇಡಿ. ಮೇಣ ಜಾಸ್ತಿ ಕಾದರೆ ಹೊಗೆ ಬಂದು ಬೆಂಕಿ ಹಿಡಿಯುತ್ತದೆ, ಹಿಡಿದ ಮೇಲೆ ನೀರು ಎರಚಿದರೆ ಇನ್ನೂ ಅಪಾಯ. ಅಗಲ ಪಾತ್ರೆಯಲ್ಲಿ ನೀರಿಟ್ಟು ಅದರೊಳಗೆ ಡಬ್ಬಿ ಇಡಿ. ನೀರು 100 ಡಿಗ್ರಿ ದಾಟುವುದಿಲ್ಲ, ಹಾಗಾಗಿ ಮೇಣವೂ ದಾಟುವುದಿಲ್ಲ. ಪ್ಯಾರಫಿನ್ 60 ಡಿಗ್ರಿಯ ಆಸುಪಾಸಿಗೇ ಕರಗುತ್ತದೆ, ಒಳಗೆ ಇಳಿಯಲು 80-90ರವರೆಗೆ ಬರಲಿ. ಚೈನನ್ನು ಒಂದು ತಂತಿಗೆ ಪೋಣಿಸಿ ಬಿಟ್ಟು, ಆಗಾಗ ಮೇಲೆ ಕೆಳಗೆ ಆಡಿಸಿ. ಸಂದಿಯಿಂದ ಸಣ್ಣ ಗುಳ್ಳೆ ಬರುತ್ತಿರುತ್ತದೆ, ಅದು ಒಳಗಿನ ಗಾಳಿ. ಹದಿನೈದು ನಿಮಿಷದಲ್ಲಿ ಗುಳ್ಳೆ ನಿಲ್ಲುತ್ತದೆ.

ಇಲ್ಲಿ ಅವಸರ ಬೇಡ. ಕುದಿ ಬಿಸಿಯಲ್ಲೇ ತೆಗೆದರೆ ಒಳಗೆ ಹೋದ ಮೇಣವೂ ಸೋರಿ ಹೋಗುತ್ತದೆ. ಉರಿ ಆರಿಸಿ, ಮೇಣದ ಮೇಲೆ ಹಾಲಿನ ಕೆನೆ ಕಟ್ಟುವ ಹಾಗೆ ತೆಳು ಪದರ ಬರುವವರೆಗೆ ಕಾಯಿರಿ, ಆಗ ಮೇಲೆತ್ತಿ ನೇತುಹಾಕಿ. ಆರಿದ ಮೇಲೆ ಚೈನು ಕೋಲಿನ ಹಾಗೆ ನಿಂತುಬಿಡುತ್ತದೆ. ಮೊದಲ ಸಲ ನೋಡಿ ಹೆದರಿದ್ದೆ. ಒಂದು ಕಬ್ಬಿಣದ ಕಂಬಿಗೆ ಸುತ್ತಿ ಆ ಕಡೆ ಈ ಕಡೆ ಎಳೆದರೆ ಪಟಪಟ ಬಿಟ್ಟುಕೊಳ್ಳುತ್ತದೆ. ಮೊದಲ ಐದಾರು ಕಿಲೋಮೀಟರು ಗೇರ್ ಒಸಿ ಮೊಂಡಾಗಿ ಬೀಳುತ್ತದೆ, ಬಿಳಿ ಚೂರು ಉದುರುತ್ತವೆ, ಆಮೇಲೆ ಸರಿಹೋಗುತ್ತದೆ.

ಪ್ರತಿ ಸಲ ಚೈನು ಬಿಚ್ಚಬೇಕಾದ್ದರಿಂದ ಕ್ವಿಕ್ ಲಿಂಕ್ (ಸುಲಭವಾಗಿ ಬಿಚ್ಚಿ ಹಾಕಬಹುದಾದ ಕೊಂಡಿ) ಇರಲೇಬೇಕು. ಬಿಚ್ಚಲು ಪ್ಲೈಯರ್ ಇಲ್ಲದಿದ್ದರೆ ಹಳೆ ಬೂಟಿನ ಲೇಸನ್ನು ಲಿಂಕಿನ ಎರಡೂ ರೋಲರ್ ಹಿಂದಿನಿಂದ ಸುತ್ತಿ, ಒಂದು ಗಂಟು ಹಾಕಿ ಎರಡೂ ತುದಿ ಎಳೆಯಿರಿ, ಟಕ್ ಅಂತ ಬಿಡುತ್ತದೆ. ನನ್ನದು 9 ಗೇರಿನ ಸೈಕಲ್, ಲಿಂಕನ್ನು ತಿರುಗಿ ತಿರುಗಿ ಬಳಸುತ್ತೇನೆ. 11, 12 ಗೇರಿನ ಕೆಲವು ಲಿಂಕುಗಳನ್ನು ಒಂದೇ ಸಲ ಬಳಸಿ ಅಂತ ಕಂಪನಿಯವರೇ ಹೇಳುತ್ತಾರೆ, ನೋಡಿಕೊಳ್ಳಿ.

ಇಷ್ಟು ಮಾಡಿದ್ದಕ್ಕೆ ಸಿಕ್ಕಿದ್ದೇನು? ಮೊದಲನೆಯದು ಕೈ. ಚೈನು ಕಳಚಿಕೊಂಡರೆ ಬರಿಗೈಯಲ್ಲಿ ಹಾಕಿ ಕೈ ಕೊಡವಿಕೊಂಡು ಆಫೀಸಿಗೆ ಹೋಗುತ್ತೇನೆ. ಪ್ಯಾಂಟಿನ ಕಾಲಿಗೆ ಕಪ್ಪು ಗೆರೆ ಬಿದ್ದು ಎರಡು ವರ್ಷದ ಮೇಲಾಯಿತು. ಮುಂದಿನ ಮಾಗಿಯಲ್ಲಿ ಅದೇ ಮೇಲುಕೋಟೆ ದಾರಿಯಲ್ಲಿ, ಅದೇ ಹುರುಳಿ ಹೊಟ್ಟಿನ ಮೇಲೆ ಹೋದೆ. ಮನೆಗೆ ಬಂದು ಒಣ ಬಟ್ಟೆಯಲ್ಲಿ ಒಂದು ಸಲ ಒರೆಸಿದೆ, ಹೊಟ್ಟೆಲ್ಲ ಉದುರಿತು. ಅವತ್ತು ನನಗಾದ ಖುಷಿ ಹೇಳತೀರದು. ಇನ್ನು ಸವೆತ. ಎರಡು ಚೈನು ಇಟ್ಟುಕೊಂಡಿದ್ದೇನೆ, ಒಂದೊಂದೂ 5,000 ಕಿಲೋಮೀಟರು ದಾಟಿದೆ, ಸ್ಕೇಲಿನಲ್ಲಿ ಇನ್ನೂ 1/16 ಮುಟ್ಟಿಲ್ಲ. ವೇಗ ಜಾಸ್ತಿಯಾಯಿತಾ ಅಂತ ಕೇಳುತ್ತಾರೆ. ಚಾಮುಂಡಿ ಬೆಟ್ಟ ಹತ್ತುವಾಗ ನನ್ನ ಕಾಲಿಗೆ ಅಂಥ ವ್ಯತ್ಯಾಸ ಗೊತ್ತಾಗಲಿಲ್ಲ.

ಆದರೆ ಮೇಣಕ್ಕೂ ಒಂದು ಮಿತಿ ಇದೆ. ಎಣ್ಣೆ ಹರಿಯುತ್ತದೆ, ಪಿನ್ನಿನಿಂದ ಸರಿದರೂ ತಿರುಗಿ ಬರುತ್ತದೆ. ಮೇಣ ಗಟ್ಟಿ, ಒಂದು ಸಲ ಸಂದಿಯಿಂದ ಆಚೆ ಹೋದರೆ ಹೋಯಿತು. ಒಣ ರೋಡಿನಲ್ಲಿ ನನಗೆ 300 ಕಿಲೋಮೀಟರು ಬರುತ್ತದೆ, ಆಮೇಲೆ ಸದ್ದು ಒಣಒಣವಾಗುತ್ತದೆ. ಆಗ ತಡ ಮಾಡಬಾರದು. ಎರಡು ಚೈನು ಇರುವುದರಿಂದ ಎರಡು ವಾರಕ್ಕೊಂದು ಬದಲಿಸಿ, ತಿಂಗಳಿಗೊಮ್ಮೆ ಎರಡನ್ನೂ ಒಟ್ಟಿಗೆ ಮುಳುಗಿಸುತ್ತೇನೆ. ಮೊದಲು ಕುದಿಯುವ ನೀರು ಸುರಿದು ಹಳೆ ಮೇಣ ಬಿಡಿಸಿ, ಪೂರ್ತಿ ಒಣಗಿಸಿ, ಆಮೇಲೆ ಮೇಣ. ಟರ್ಪೆಂಟೈನ್ ಮತ್ತೆ ಬೇಕಿಲ್ಲ. ಆ ಬಿಸಿ ನೀರನ್ನು ಸಿಂಕಿಗೆ ಬಿಡಬೇಡಿ, ಪೈಪಿನಲ್ಲಿ ಮೇಣ ಗಟ್ಟಿಯಾಗುತ್ತದೆ. ಬಕೆಟ್ಟಿನಲ್ಲೇ ಆರಲು ಬಿಟ್ಟರೆ ಮೇಣ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ, ತೆಗೆದು ಹಾಕಬಹುದು.

ಮಳೆಯದ್ದೇ ದೊಡ್ಡ ಪ್ರಶ್ನೆ. ಜೂನ್, ಜುಲೈನ ಸೋನೆಯನ್ನು ಮೇಣ ತಡೆದುಕೊಳ್ಳುತ್ತದೆ. ದಸರಾ ಹೊತ್ತಿನಲ್ಲಿ ಸಂಜೆ ಗುಡುಗಿ ಸುರಿಯುವ ಮಳೆ ಇದೆಯಲ್ಲ, ಅದರಲ್ಲಿ ಪಶ್ಚಿಮವಾಹಿನಿ ದಾಟಿ ಮನೆ ಸೇರುವಷ್ಟರಲ್ಲಿ ಮೇಣ ತೊಳೆದುಹೋಗಿರುತ್ತದೆ. ಹಾಗೇ ಬಿಟ್ಟು ಮಲಗಿದರೆ ಬೆಳಿಗ್ಗೆಗೆ ಕೆಂಪು ತುಕ್ಕು. ಒಂದು ವರ್ಷ ಮಳೆಗಾಲಕ್ಕೆ ಅಂತ ಎಣ್ಣೆಗೆ ವಾಪಸ್ ಹೋದೆ. ಮಳೆಯಲ್ಲಿ ಎಣ್ಣೆ ಚೆನ್ನಾಗಿಯೇ ನಿಂತಿತು, ಅದನ್ನು ಒಪ್ಪಬೇಕು. ಆದರೆ ನವೆಂಬರಿನಲ್ಲಿ ಮೇಣಕ್ಕೆ ಮರಳಲು ಚೈನು, ಕ್ಯಾಸೆಟ್, ಗಾಲಿ ಎಲ್ಲವನ್ನೂ ಮತ್ತೆ ಮೊದಲಿನಿಂದ ಜಿಡ್ಡು ಬಿಡಿಸಲು ಒಂದು ಇಡೀ ಭಾನುವಾರ ಹೋಯಿತು. ಈಗ ಹಾಗೆ ಮಾಡುವುದಿಲ್ಲ. ನೆನೆದ ಚೈನನ್ನು ಅವತ್ತೇ ಬಿಚ್ಚಿ ಒರೆಸಿ ಫ್ಯಾನಿನ ಕೆಳಗೆ ನೇತುಹಾಕುತ್ತೇನೆ, ಮೊಳೆಯಲ್ಲಿ ರೆಡಿ ಇರುವ ಇನ್ನೊಂದನ್ನು ಹಾಕುತ್ತೇನೆ. ಐದು ನಿಮಿಷದ ಕೆಲಸ. ದಿನಾ ಮಳೆಯಲ್ಲೇ ಓಡಿಸುವವರಿಗೆ, ಮಡಿಕೇರಿ ಕಡೆಯವರಿಗೆ, ನಾನು ಮೇಣ ಹೇಳುವುದಿಲ್ಲ.

ಜೇನುಮೇಣ ಹಾಕಬಹುದಾ ಅಂತ ಇಬ್ಬರು ಕೇಳಿದರು. ಬೇಡ, ಅದು ಅಂಟು, ದೂಳು ಹಿಡಿಯುತ್ತದೆ. ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಫಿನ್ ಒಸಿ ಬೆರೆಸಿದರೆ ಮೇಣ ಮೆತ್ತಗಾಗಿ ಕಡಿಮೆ ಉದುರುತ್ತದೆ ಅಂತ ಮಾಡಿ ನೋಡಿದೆ. ಮಾರ್ಚ್ ಬಿಸಿಲಿಗೆ ಚೈನಿನ ಮೇಲೆ ಜಿಡ್ಡು ಕಾಣಿಸಿತು, ಬಿಟ್ಟುಬಿಟ್ಟೆ.

ಊರಲ್ಲಿ ಅಪ್ಪನ ಹಳೆ ಸೈಕಲ್ ಇದೆ, ಮಂಡ್ಯದ ಸಂತೆಗೆ ಈಗಲೂ ಅದರಲ್ಲೇ ಹೋಗುತ್ತಾರೆ. ಅದಕ್ಕೂ ಮೇಣ ಹಾಕಿಕೊಡುತ್ತೇನೆ ಅಂದಾಗ, "ಯಾಕ್ಲಾ ಮಗ, ಚೈನ್ ಕವರ್ ಒಳಗೈತೆ, ದೂಳೆಲ್ಲಿಂದ ಬಂದದು?" ಅಂದರು. ಬಿಚ್ಚಿ ನೋಡಿದೆ. ಪೂರ್ತಿ ಮುಚ್ಚಿದ ಕವರ್, ಒಂದೇ ಗೇರು, ಅಗಲವಾದ ದಪ್ಪ ಚೈನು, ಒಳಗೆ ಎಣ್ಣೆ ಇನ್ನೂ ಹೊಂಬಣ್ಣದಲ್ಲೇ ಇತ್ತು. ಅಂಥ ಸೈಕಲ್ಲಿಗೆ ಎರಡು ತಿಂಗಳಿಗೊಮ್ಮೆ ನಾಲ್ಕು ತೊಟ್ಟು ಎಣ್ಣೆಯೇ ಸರಿ, ಹಾಗೇ ಮುಚ್ಚಿಟ್ಟೆ.

ತೆರೆದ ಚೈನಿನ ಗೇರ್ ಸೈಕಲ್ ಇಟ್ಟುಕೊಂಡು, ನಮ್ಮ ಕಡೆಯ ಒಣ ರೋಡಿನಲ್ಲಿ ದಿನಾ ಓಡಿಸುವವರು ಮಾಡಿ ನೋಡಿ. ಈಗಿರುವ ಎಣ್ಣೆ ಚೈನಿನ ಮೇಲೆ ಕಷ್ಟಪಡಬೇಡಿ, ಅದು ಸವೆಯುವವರೆಗೆ ಓಡಿಸಿ. ಮುಂದಿನ ಹೊಸ ಚೈನು ತಂದಾಗ, ಸೈಕಲ್ಲಿಗೆ ಹಾಕುವ ಮೊದಲೇ ಜಿಡ್ಡು ಬಿಡಿಸಿ ಶುರು ಮಾಡಿ, ಅರ್ಧ ಕೆಲಸ ಕಡಿಮೆಯಾಗುತ್ತದೆ.